ಹದಿನೇಳನೇ ಕಂಬದ ಬಿಲ್ಲೆ

ನನಗೆ ಕೊಟ್ಟದ್ದು ಇಪ್ಪತ್ತು ಪದ.
ಅಷ್ಟರಲ್ಲಿ ಹೇಳಿ ಮುಗಿಸಬೇಕು, ಸೆತೂಬಲ್ ನಗರಸಭೆಯ ಅಪ್ಪಣೆ:
ದೀಪದ ಕಂಬಕ್ಕೆ ಜೇನುಗೂಡಿನ ಹಾಗೆ ಕಚ್ಚಿಕೊಂಡ
ಈ ಬೂದು ಡಬ್ಬಿ ಏನು, ಏಕೆ, ಯಾರದು.

ಕಂಪನಿ ಕಳಿಸಿದ ಕಾಗದದಲ್ಲಿತ್ತು:
‘ಧ್ವನಿಪರಿಸರ ದತ್ತಾಂಶದ ಸಮಗ್ರ ನಿರ್ವಹಣಾ ಘಟಕ.’
ಮೂರು ಸಲ ಓದಿದೆ. ನಾಲ್ಕನೆಯದಕ್ಕೆ
ಕಾಫಿ ಆರಿತ್ತು, ಅರ್ಥ ಮಾತ್ರ ಇನ್ನೂ ಕುದಿ ಬಂದಿರಲಿಲ್ಲ.

ಬರೆದೆ: ‘ಇದು ಬೀದಿಯ ಸದ್ದನ್ನು ಅಳೆಯುತ್ತದೆ.’
ಪಕ್ಕಕ್ಕೊಂದು ಕ್ಯೂಆರ್ ಚೌಕ, ಉಳಿದದ್ದೆಲ್ಲ ಅದರೊಳಗೆ.
ರಟ್ಟಿಗೆ ಅಂಟಿಸಿ ಹದಿನೇಳನೇ ಕಂಬಕ್ಕೆ ಕಟ್ಟಿ
ಓದುವವರು ಬರಲೆಂದು ಎದುರಿನ ಮೆಟ್ಟಿಲ ಮೇಲೆ ಕೂತೆ.

ಬಂದವಳು ಎರ್ಮೆಲಿಂದಾ.
ಎಂಬತ್ತಾರು ವರ್ಷದ ಬೆನ್ನು, ಕೈಯಲ್ಲಿ ಮೀನಿನ ಚೀಲ.
ಕನ್ನಡಕ ಏರಿಸಿ ಓದಿದಳು, ಇಳಿಸಿ ಓದಿದಳು,
ಚೌಕವನ್ನು ಉಗುರಲ್ಲಿ ಕೆರೆದು ನೋಡಿದಳು,
ಕೊಳೆಯೇನೋ ಅಂತ.
‘ಅಳೆಯುತ್ತದೆ, ಸರಿ. ಕೇಳುತ್ತದೋ?’

ಅಳೆಯುವುದೆಂದರೆ ಅಮ್ಮಾ, ಅಂತ ಶುರು ಮಾಡಿದೆ.
‘ನಾನು ಕೇಳಿದ್ದು ಅದಲ್ಲ.’

ಸಾರ್ಡೀನು ಡಬ್ಬಿ ತುಂಬುತ್ತಿದ್ದ ಕಾಲದ ಹೆಂಗಸು.
ದೋಣಿ ಬಂದ ಹೊತ್ತೇ ಹೊತ್ತು, ನಡುರಾತ್ರಿಗೂ ಸೈರನ್ನು;
ನಿದ್ದೆಗಣ್ಣಲ್ಲೇ ತಿಳಿಯುತ್ತಿತ್ತಂತೆ:
ಗಂಟಲು ಕಟ್ಟಿದ್ದು ನಮ್ಮ ಕಾರ್ಖಾನೆಯದು,
ಎಳೆಗರುವಿನ ಕೂಗು ಆಚೆ ದಂಡೆಯದು.
‘ಬರೀ ಸದ್ದು ಅನ್ನುವುದಿಲ್ಲ ಮಗನೇ,
ಪ್ರತಿ ಸದ್ದಿಗೂ ಒಂದು ಮನೆ ಇರುತ್ತದೆ.’

ಆಮೇಲೆ, ಕಂಬದ ಕಡೆ ಒಂದು ಕಣ್ಣಿಟ್ಟು,
ದನಿ ತಗ್ಗಿಸಿ ಅಡೆಲಿನುವಿನ ವಿಷಯ ತೆಗೆದಳು.
ಇದೇ ಮೂಲೆಯಲ್ಲಿ ಕ್ಷೌರದಂಗಡಿ, ಸರ್ವಾಧಿಕಾರದ ದಿನಗಳು.
ಕತ್ತರಿಯ ಕಿಚಕಿಚದ ನಡುವೆ ಅವನು ಕೇಳಿಸಿಕೊಳ್ಳುತ್ತಿದ್ದ.
ನೊರೆ ಮೆತ್ತಿದ ಬಾಯಲ್ಲಿ ಅಪ್ಪ
ಕೂಲಿಯ ಬಗ್ಗೆ ಒಂದು ಮಾತು ಆಡಿದ, ಒಂದೇ.
ಗುರುವಾರ ಬಂದು ಕರೆದೊಯ್ದರು.
‘ಗೋಡೆಗೂ ಕಿವಿ ಅನ್ನುತ್ತಾರಲ್ಲ, ಆ ಕಿವಿಗೆ ಹೆಸರಿತ್ತು.
ಚರ್ಚಿನಲ್ಲಿ ಎದುರಾದರೆ ನಾವು ಮುಖ ತಿರುಗಿಸಬಹುದಿತ್ತು.
ಇದಕ್ಕೆ ಮುಖ ಯಾವ ಕಡೆ?’

ಯಂತ್ರ ಕೂರಿಸಿದ ರಾಕೆಲ್‌ಗೆ ಫೋನು ಹಚ್ಚಿದೆ.
ಸ್ಪೀಕರಿನಲ್ಲಿ ಅವಳ ದನಿ, ಕಂಬದ ಕೆಳಗೆ ನಾವಿಬ್ಬರು.
ಮಾತು ಹಿಡಿಯುತ್ತದೆಯೇ?
ಇಲ್ಲ. ಎಷ್ಟು ಜೋರು ಅಷ್ಟೇ, ನಿಮಿಷಕ್ಕೊಂದು ಅಂಕಿ.
ಆ ಅಂಕಿ ಎಲ್ಲಿರುತ್ತದೆ?
ನಮ್ಮಲ್ಲಿ, ಮೂರು ತಿಂಗಳು. ಆಮೇಲೆ ಅಳಿಸುತ್ತೇವೆ.
ಜಗಳವೋ ಹಾಡೋ, ಗೊತ್ತಾಗುತ್ತದೆಯೇ?
ಇಲ್ಲ.
ನಾನಿಲ್ಲಿ ಜಾರಿ ಬಿದ್ದು ಕೂಗಿಕೊಂಡರೆ?

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ.
‘ಆ ನಿಮಿಷದ ಅಂಕಿ ಕೊಂಚ ಹೆಚ್ಚಾಗುತ್ತದೆ.’

ಎರ್ಮೆಲಿಂದಾ ನಕ್ಕಳು, ಚೀಲದ ಮೀನು ಅಲುಗುವಷ್ಟು.
‘ಹಾಗಾದರೆ ಅದನ್ನು ಬರಿ.
ಗೊತ್ತಿರುವುದನ್ನು ಎಲ್ಲರೂ ಜಂಬದಿಂದ ಬರೆಸಿಕೊಳ್ಳುತ್ತಾರೆ.
ಗೊತ್ತಿಲ್ಲದ್ದನ್ನು ಬರಿ.’

ಆ ರಾತ್ರಿ ಅಡಿಗೆಮನೆಯ ಮೇಜಿನ ಮೇಲೆ ಬರೆದೆ:

ಈ ಡಬ್ಬಿ ಬೀದಿಯ ಗದ್ದಲವನ್ನು ಅಳೆಯುತ್ತದೆ.
ಯಾರದು, ಯಾಕೆ ಎಂಬುದು ಇದಕ್ಕೆ ತಿಳಿಯದು.
ಮಾತು ಹಿಡಿಯದು; ಅಂಕಿ ಮೂರು ತಿಂಗಳಿರುತ್ತದೆ.
ಬಿದ್ದು ಕೂಗಿದರೆ ಇದು ಬರುವುದಿಲ್ಲ, ನೆರೆಯವರು ಬನ್ನಿ.
ಕೇಳುವುದಿದ್ದರೆ: ರಾಕೆಲ್, ನಗರಸಭೆ, ಎರಡನೇ ಮಹಡಿ, ಹಸಿರು ಬಾಗಿಲು.
ಡಬ್ಬಿ ಬದಲಾದರೆ ಬಿಲ್ಲೆಯೂ ಬದಲಾಗಬೇಕು.

ಹನ್ನೆರಡು ಪದ ಹೆಚ್ಚು, ಎಂದರು ಮೇಲಧಿಕಾರಿ,
ನೆರೆಯವರ ಸಾಲಿಗೆ ಕೆಂಪು ಗೀಟು ಎಳೆದು.
ಪಿಂಗಾಣಿ ಬಿಲ್ಲೆ ಸುಡುವ ಮುದುಕನಿಗೆ
ನಾನು ಕೊಟ್ಟದ್ದು ಗೀಟಿಲ್ಲದ ಪ್ರತಿ.
ನೀಲಿ ಅಕ್ಷರ, ಬಿಳಿ ಹೊಳಪು;
ಊರಿನ ಗೋಡೆಗಳು ಮೊದಲಿಂದಲೂ ಮಾತಾಡುತ್ತಿದ್ದ ಬಣ್ಣ.

ಮೂರನೇ ವಾರ ಹಸಿರು ಬಾಗಿಲು ಬಡಿಯಿತಂತೆ.
ಮೀನಿನ ಚೀಲ ಹೊಸ್ತಿಲಲ್ಲಿಟ್ಟು ಎರ್ಮೆಲಿಂದಾ
ರಾಕೆಲ್ಳ ಮುಖವನ್ನು ಮೊದಲು ನಿಧಾನವಾಗಿ ನೋಡಿದಳು.
ಆಮೇಲೆ ಕೇಳಿದಳು:
‘ಬೆಳಗಿನ ಐದಕ್ಕೆ ಕಸದ ಲಾರಿ ಬರುತ್ತದೆ.
ಅದು ನಿನ್ನ ಅಂಕಿಯಲ್ಲಿದೆಯೋ?’

ಇದೆ, ಎಂದಳು ರಾಕೆಲ್,
ಕುರ್ಚಿಯ ಮೇಲಿನ ಕಾಗದಗಳನ್ನು ನೆಲಕ್ಕೆ ಇಳಿಸುತ್ತ.